ಮೆಲ್ಲಗೆ ಹೊಡೆದು ಗೆದ್ದ ಆರ್ಥರ್ ಆಶ್

1975ರ ವಿಂಬಲ್ಡನ್ ಫೈನಲ್ ಸ್ಕೋರ್ 6-1, 6-1, 5-7, 6-4. ಗೆದ್ದವರು ಆರ್ಥರ್ ಆಶ್, 32 ತುಂಬೋಕೆ ಇನ್ನು ಐದು ದಿನ ಇತ್ತು. ಸೋತವರು ಹಿಂದಿನ ವರ್ಷದ ಚಾಂಪಿಯನ್ ಜಿಮ್ಮಿ ಕಾನರ್ಸ್, ವಯಸ್ಸು 22. ಆ ಸಲ ಫೈನಲ್‌ವರೆಗೆ ಕಾನರ್ಸ್ ಒಂದು ಸೆಟ್ ಕೂಡ ಸೋತಿರಲಿಲ್ಲ. ಆಶ್ ಅದಕ್ಕೂ ಮುಂಚೆ ಅವರನ್ನ ಒಮ್ಮೆಯೂ ಸೋಲಿಸಿರಲಿಲ್ಲ. ಹಾಗಿದ್ರೆ ಅವತ್ತು ಏನಾಯ್ತು?

ಆಶ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಆಗ ಅಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಪಾರ್ಕು. ಅಪ್ಪ ಅಂಥದ್ದೇ ಒಂದು ಪಾರ್ಕಿನ ಮೇಲ್ವಿಚಾರಕರು. ಮನೆ ಅಲ್ಲೇ, ಪಕ್ಕದಲ್ಲೇ ಟೆನಿಸ್ ಕೋರ್ಟ್. ಆರು ವರ್ಷಕ್ಕೇ ಅಮ್ಮ ತೀರಿಕೊಂಡರು. ಮುಂದೆ ಕೋಚ್ ಆಗಿ ಸಿಕ್ಕವರು ಡಾ. ರಾಬರ್ಟ್ ವಾಲ್ಟರ್ ಜಾನ್ಸನ್. ಕೋರ್ಟಿನಲ್ಲಿ ಕೋಪ ಮಾಡಿಕೊಳ್ಳಬಾರದು, ಎದುರಾಳಿ ಚೆಂಡು ಸ್ವಲ್ಪ ಗೆರೆಯಾಚೆ ಬಿದ್ದರೂ ವಾದ ಮಾಡದೆ ಆಡಬೇಕು ಅಂತ ಅವರು ಕಲಿಸಿದರು. ಬಿಳಿಯರ ಟೂರ್ನಿಯಲ್ಲಿ ಕಪ್ಪು ಹುಡುಗ ಜಗಳಕ್ಕೆ ನಿಂತರೆ ಅವನಿಗೇ ನಷ್ಟ ಆಗ್ತಿತ್ತು. 1968ರಲ್ಲಿ ಆಶ್ ಯುಎಸ್ ಓಪನ್ ಗೆದ್ದರು. ಆದರೆ ಅಮೆಚೂರ್ ಆಗಿದ್ದರಿಂದ 14,000 ಡಾಲರ್ ಬಹುಮಾನ ಸಿಗಲಿಲ್ಲ.

ಮತ್ತೆ 1975ಕ್ಕೆ ಬರೋಣ. ಆಶ್ ಅಂದ್ರೆ ಜೋರು ಸರ್ವ್, ಜೋರು ಹೊಡೆತ. ಕಾನರ್ಸ್‌ಗೆ ಬೇಕಿದ್ದದ್ದೂ ಅದೇ. ಎದುರಾಳಿ ಕೊಟ್ಟ ವೇಗವನ್ನೇ ಬಳಸಿ ಇನ್ನೂ ಜೋರಾಗಿ ವಾಪಸ್ ಕಳಿಸ್ತಿದ್ದರು. ಅದಕ್ಕೆ ಆಶ್ ಗೆಳೆಯರ ಜೊತೆ ಕೂತು ಬೇರೆಯೇ ಪ್ಲಾನ್ ಮಾಡಿದರು. ವೇಗ ಕೊಡೋದೇ ಬೇಡ. ನಮ್ಮ ಭಾಷೇಲಿ ಹೇಳೋದಾದ್ರೆ, ಇನ್‌ಪುಟ್ ಕಟ್. ಫೋರ್‌ಹ್ಯಾಂಡ್‌ಗೆ ನಿಧಾನವಾದ, ತಗ್ಗಿನ ಚೆಂಡು. ನೆಟ್ ಹತ್ತಿರ ಬಂದರೆ ತಲೆ ಮೇಲಿಂದ ಲಾಬ್. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯೋರಿಗೆ ಕೈಗೆಟುಕದಷ್ಟು ಅಗಲಕ್ಕೆ ಸರ್ವ್.

ಮೊದಲ ಎರಡು ಸೆಟ್ ಸಲೀಸಾಗಿ ಬಂದವು. ಮೂರನೇದನ್ನ ಕಾನರ್ಸ್ ಗೆದ್ದರು, ನಾಲ್ಕನೇದರಲ್ಲಿ 3-0 ಮುಂದೆ ಹೋದರು. ಇಂಥ ಹೊತ್ತಲ್ಲಿ ಯಾರಿಗಾದ್ರೂ ಹಳೇ ಆಟಕ್ಕೆ ಹೋಗೋಣ ಅನ್ಸುತ್ತೆ. ಇಂಟರ್ನಲ್ಸ್‌ನಲ್ಲಿ ನಾವು ಅರ್ಧ ಬರೆದ ಲೆಕ್ಕ ಹೊಡೆದುಹಾಕಿ ಬೇರೆ ಮೆಥಡ್ ಹಿಡೀತೀವಲ್ಲ, ಹಾಗೆ. ಆಶ್ ಬದಲಾಯಿಸಲಿಲ್ಲ. ಬಿಡುವಿನಲ್ಲಿ ಕಣ್ಣು ಮುಚ್ಚಿ ಕೂರ್ತಿದ್ದರು, ಎದ್ದು ಮತ್ತೆ ಮೆಲ್ಲಗೇ ಹೊಡೀತಿದ್ದರು. ಹೀಗೆ ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಆಟಗಾರ ಆದರು.

ಕಾನರ್ಸ್‌ಗೆ ಆ ಟೂರ್ನಿ ಶುರುವಲ್ಲೇ ಕಾಲಿಗೆ ಪೆಟ್ಟಾಗಿತ್ತು ಅನ್ನೋದು ಆಮೇಲೆ ಹೊರಬಂತು. ಹಾಗಾದ್ರೆ ಆಶ್ ಗೆದ್ದದ್ದು ಅದೃಷ್ಟದಿಂದಲಾ? ನನಗೆ ಹಾಗನ್ಸಲ್ಲ. ಅದೇ ಕಾಲಲ್ಲಿ ಕಾನರ್ಸ್ ಸೆಮಿಫೈನಲ್‌ನಲ್ಲಿ ಬಿರುಸಿನ ಸರ್ವ್‌ನ ರೋಸ್ಕೊ ಟ್ಯಾನರ್‌ರನ್ನ ನೇರ ಸೆಟ್‌ಗಳಲ್ಲಿ ಸೋಲಿಸಿದ್ದರು. ಟ್ಯಾನರ್ ವೇಗ ಕೊಟ್ಟರು, ಆಶ್ ಕೊಡಲಿಲ್ಲ. ನಿಧಾನದ ಚೆಂಡಿಗೆ ಬಗ್ಗಬೇಕು, ಲಾಬ್‌ಗೆ ಹಿಂದೆ ಓಡಬೇಕು. ನೋವಿರುವ ಕಾಲಿಗೆ ಇದಕ್ಕಿಂತ ಕಷ್ಟದ ಪ್ರಶ್ನೆಪತ್ರಿಕೆ ಇಲ್ಲ. ಗಾಯ, ಪ್ಲಾನ್ ಎರಡೂ ಸೇರಿಯೇ ಆ ಸ್ಕೋರ್ ಬಂದಿರಬೇಕು.

ಆಮೇಲೆ ದೇಹ ಕೈಕೊಟ್ಟದ್ದು ಆಶ್‌ಗೆ. 1977ರಲ್ಲಿ ಹಿಮ್ಮಡಿ ಆಪರೇಷನ್. ಚೇತರಿಸಿಕೊಂಡು 1979ರ ಜನವರಿಯಲ್ಲಿ ಮಾಸ್ಟರ್ಸ್ ಫೈನಲ್ ಆಡಿದರು, ಎರಡು ಮ್ಯಾಚ್ ಪಾಯಿಂಟ್ ಇದ್ದೂ ಮೆಕೆನ್ರೋಗೆ ಸೋತರು. ಅದೇ ವರ್ಷ ಹೃದಯಾಘಾತ, ಮುಂದಿನ ವರ್ಷ ನಿವೃತ್ತಿ. 1983ರಲ್ಲಿ ಎರಡನೇ ಹೃದಯದ ಆಪರೇಷನ್ ಆಯ್ತು. ಆಗ ಕೊಟ್ಟ ರಕ್ತದಿಂದಲೇ ಎಚ್‌ಐವಿ ಬಂತು ಅಂತ ನಂಬಲಾಗಿದೆ. 1993ರ ಫೆಬ್ರವರಿ 6ರಂದು, 49ನೇ ವಯಸ್ಸಿಗೆ ತೀರಿಕೊಂಡರು. ಇವತ್ತು ಯುಎಸ್ ಓಪನ್ ಫೈನಲ್ ನಡೆಯೋ ಸ್ಟೇಡಿಯಂಗೆ ಅವರದೇ ಹೆಸರು.

ಆ ಫೈನಲ್‌ನ ವಿಡಿಯೋ ಯೂಟ್ಯೂಬ್‌ನಲ್ಲಿದೆ. ನಾಲ್ಕನೇ ಸೆಟ್ 0-3ರಿಂದ ನೋಡಿ.