ವಿಶ್ವದ ಆದಿಯನ್ನು ಅರಸಿದ ಧರ್ಮಗುರು ಜಾರ್ಜ್ ಲೆಮೈತ್ರ್

2022ರ ಜುಲೈಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಬಣ್ಣದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದು ಎಸ್‌ಎಂಎಸಿಎಸ್ 0723 ಎಂಬ ಗೆಲಾಕ್ಸಿಗಳ ಗುಂಪು. ಅದರ ಬೆಳಕು ಅಲ್ಲಿಂದ ಹೊರಟು 400 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಆ ಗುಂಪಿನ ಅಪಾರ ಗುರುತ್ವವು ಭೂತಗನ್ನಡಿಯಂತೆ ಕೆಲಸ ಮಾಡಿ, ಅದರ ಹಿಂದಿರುವ ಇನ್ನೂ ದೂರದ ಗೆಲಾಕ್ಸಿಗಳನ್ನು ಬಿಲ್ಲಿನಾಕಾರದ ಗೆರೆಗಳಾಗಿ ನಮಗೆ ತೋರಿಸುತ್ತದೆ. ಇದನ್ನು ಗುರುತ್ವ ಮಸೂರ ಎನ್ನುತ್ತಾರೆ. ವಿಶ್ವವು ಹಿಗ್ಗುತ್ತಿರುವುದರಿಂದ ಆ ಬೆಳಕಿನ ಅಲೆಗಳೂ ದಾರಿಯಲ್ಲಿ ಹಿಗ್ಗಿವೆ. ಈ ಹಿಗ್ಗುವಿಕೆಯನ್ನು ಗಣಿತ ಮತ್ತು ವೀಕ್ಷಣೆಗಳೆರಡನ್ನೂ ಜೋಡಿಸಿ ಮೊದಲು ವಿವರಿಸಿದವರು ನಮ್ಮ ಧರ್ಮಸಭೆಯ ಒಬ್ಬ ಗುರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಫಾ. ಜಾರ್ಜ್ ಲೆಮೈತ್ರ್ 1894ರ ಜುಲೈ 17ರಂದು ಬೆಲ್ಜಿಯಂನ ಶಾರ್ಲರುವಾದಲ್ಲಿ ಜನಿಸಿದರು. ಯೇಸು ಸಭೆಯವರ ಶಾಲೆಯಲ್ಲಿ ಕಲಿತು, ಲೂವೆನ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಮೊದಲ ಮಹಾಯುದ್ಧ ಆರಂಭವಾಯಿತು. ಸೈನ್ಯದಲ್ಲಿ ಸೇವೆ ಸಲ್ಲಿಸಿ ಶೌರ್ಯ ಪದಕ ಪಡೆದರು. ಮರಳಿ ಬಂದು ಗಣಿತ ಕಲಿತರು, ಬಳಿಕ ಸೆಮಿನರಿ ಸೇರಿ 1923ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು.

ಅದೇ ವರ್ಷ ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ ಅವರ ಶಿಷ್ಯರಾದರು. ಸೂರ್ಯನ ಗುರುತ್ವವು ನಕ್ಷತ್ರಗಳ ಬೆಳಕನ್ನು ಬಗ್ಗಿಸುತ್ತದೆ ಎಂದು 1919ರ ಗ್ರಹಣದಲ್ಲಿ ಅಳೆದು ತೋರಿಸಿದವರು ಇದೇ ಎಡಿಂಗ್ಟನ್. ಗುರುತ್ವ ಮಸೂರದ ತಳಹದಿಯೂ ಅದೇ. ಲೆಮೈತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂಬ ಪ್ರಬಂಧವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಐನ್‌ಸ್ಟೀನ್ ಅದರ ಗಣಿತವನ್ನು ಮೆಚ್ಚಿದರೂ ತೀರ್ಮಾನವನ್ನು ಆಗ ಒಪ್ಪಲಿಲ್ಲ. 1931ರಲ್ಲಿ ಫಾದರ್ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದೇ ಆದಿ ಅಣುವಿನಿಂದ ಆರಂಭವಾಯಿತೆಂದರು. ಇಂದಿನ ಮಹಾಸ್ಫೋಟ ಸಿದ್ಧಾಂತದ ಬೀಜವಿದು.

ಅವರ ನಿಜವಾದ ದೊಡ್ಡತನ ಕಂಡದ್ದು 1951ರಲ್ಲಿ. ಹನ್ನೆರಡನೇ ಪಯಸ್ ಜಗದ್ಗುರುಗಳು ತಮ್ಮ ಭಾಷಣವೊಂದರಲ್ಲಿ ಈ ಹೊಸ ವಿಜ್ಞಾನವನ್ನು ದೇವರ ಸೃಷ್ಟಿಕಾರ್ಯಕ್ಕೆ ಸಾಕ್ಷಿಯೆಂಬಂತೆ ಕೊಂಡಾಡಿದರು. ಬೇರೆ ಯಾರಾದರೂ ಹಿರಿಹಿರಿ ಹಿಗ್ಗುತ್ತಿದ್ದರು. ಲೆಮೈತ್ರ್ ಮಾತ್ರ ಕಳವಳಗೊಂಡರು. ವಿಜ್ಞಾನದ ಸಿದ್ಧಾಂತ ನಾಳೆ ಬದಲಾಗಬಹುದು; ವಿಶ್ವಾಸವನ್ನು ಅದರ ಮೇಲೆ ಕಟ್ಟಬಾರದು ಎಂಬುದು ಅವರ ನಿಲುವು. ದೇವರು ಲೆಕ್ಕಾಚಾರಕ್ಕೆ ಸಿಗುವವರಲ್ಲ ಎಂದು ಅವರು ನಂಬಿದ್ದರು. ವಿಧೇಯತೆ ಬಿಡದೆ ತಮ್ಮ ಆತಂಕವನ್ನು ರೋಮಿಗೆ ತಿಳಿಸಿದರು. ಮರುವರ್ಷ ಖಗೋಳ ವಿಜ್ಞಾನಿಗಳಿಗೆ ನೀಡಿದ ಭಾಷಣದಲ್ಲಿ ಜಗದ್ಗುರುಗಳು ಆ ವಾದವನ್ನು ಎತ್ತಲಿಲ್ಲ.

1960ರಿಂದ ಅವರು ವ್ಯಾಟಿಕನ್‌ನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1966ರ ಜೂನ್ 20ರಂದು ಲೂವೆನ್‌ನಲ್ಲಿ ದೈವಾಧೀನರಾಗುವ ಮುನ್ನ, ವಿಶ್ವದ ಆರಂಭದ ಕಾಲದ ವಿಕಿರಣ ಪತ್ತೆಯಾದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. 2018ರಲ್ಲಿ ವಿಶ್ವದ ಹಿಗ್ಗುವಿಕೆಯ ನಿಯಮಕ್ಕೆ ಹಬಲ್ ಅವರೊಡನೆ ಲೆಮೈತ್ರ್ ಹೆಸರನ್ನೂ ಸೇರಿಸಲು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಶಿಫಾರಸು ಮಾಡಿತು.

ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಮಕ್ಕಳು ಆದಿಕಾಂಡ ಸರಿಯೋ, ಮಹಾಸ್ಫೋಟ ಸರಿಯೋ ಎಂದು ಕೇಳಿದರೆ ನಾವು ಗದರಿಸುವುದು ಬೇಡ, ತಡವರಿಸುವುದೂ ಬೇಡ. ಬಲಿಪೂಜೆಯನ್ನೂ ಬಿಡದೆ, ಲೆಕ್ಕವನ್ನೂ ಬಿಡದೆ ಬಾಳಿದ ಈ ಗುರುವಿನ ಕಥೆಯನ್ನು ಅವರಿಗೆ ಹೇಳೋಣ.