ಕುಮಾರಿ ಜೇನ್ ಆಡಮ್ಸ್

ಸಿರಿವಂತರ ಮನೆಯಲ್ಲಿ 1860ರಲ್ಲಿ ಜನಿಸಿದ ಅಮೆರಿಕದ ಕುಮಾರಿ ಜೇನ್ ಆಡಮ್ಸರು 1889ರಲ್ಲಿ ಗೆಳತಿ ಎಲೆನ್ ಸ್ಟಾರರೊಡನೆ ಷಿಕಾಗೊ ನಗರದ ಬಡ ವಲಸೆಗಾರರ ಕೇರಿಯಲ್ಲಿ ನೆಲೆಸಿ, ಹಲ್ ಹೌಸ್ ಎಂಬ ಸೇವಾಮಂದಿರವನ್ನು ಸ್ಥಾಪಿಸಿದರು. ಬೀದಿಯಲ್ಲಿ ಕಸ ಕೊಳೆಯುತ್ತಿರಲು, 1895ರಲ್ಲಿ ತಾವೇ ಕಸದ ತನಿಖಾಧಿಕಾರಿಯ ಹುದ್ದೆಯನ್ನು ವಹಿಸಿಕೊಂಡು ಮುಂಜಾನೆ ಬಂಡಿಗಳ ಹಿಂದೆ ಹೊರಟರು! ನಮ್ಮ ಪುರಸಭಾ ಸದಸ್ಯ ಮಹಾಶಯರು ಇದನ್ನು ಗಮನಿಸುವರೆಂದು ನಂಬುತ್ತೇವೆ.

1915ರಲ್ಲಿ ಯೂರೋಪು ಯುದ್ಧದಲ್ಲಿ ಬೇಯುತ್ತಿದ್ದಾಗ, ಹೇಗ್ ನಗರದಲ್ಲಿ ನೆರೆದ ಸಾವಿರಕ್ಕೂ ಮಿಕ್ಕ ಸ್ತ್ರೀಯರ ಮಹಾಸಭೆಗೆ ಅಧ್ಯಕ್ಷರಾದರು. ಸಂಧಾನವನ್ನೂ ಸ್ತ್ರೀಯರ ಮತಾಧಿಕಾರವನ್ನೂ ಸಭೆಯು ಜೊತೆಯಾಗಿಯೇ ಕೇಳಿತು. ಆ ನಿರ್ಣಯಗಳನ್ನು ಹಿಡಿದು ಯುದ್ಧನಿರತ ದೇಶಗಳ ಮಂತ್ರಿಗಳನ್ನು ಕಂಡುಬಂದ ಆಕೆಯನ್ನು ಸ್ವದೇಶದ ಪತ್ರಿಕೆಗಳೇ ಹಳಿದವು. ಪತ್ರಿಕಾವೃತ್ತಿಯ ನಮಗೆ ಇದು ನಾಚಿಕೆಯ ಸಂಗತಿ. 1931ರಲ್ಲಿ ದೊರೆತ ನೊಬೆಲ್ ಶಾಂತಿ ಪಾರಿತೋಷಕದ ತಮ್ಮ ಪಾಲಿನ ಹಣವನ್ನು ಸ್ತ್ರೀಯರ ಅಂತರರಾಷ್ಟ್ರೀಯ ಶಾಂತಿಸಂಘಕ್ಕೆ ಕೊಟ್ಟರು. 1935ರಲ್ಲಿ ದಿವಂಗತರಾದರು.