ನಾದತಪಸ್ವಿ ಪಾಬ್ಲೊ ಕಸಾಲ್ಸ್

ಪಾಶ್ಚಾತ್ಯ ಸಂಗೀತದ ತಂತಿವಾದ್ಯಗಳಲ್ಲಿ ಚೆಲ್ಲೊ ಎಂಬುದು ಪಿಟೀಲಿನ ಹಿರಿಯಣ್ಣನಂತಿರುವ ವಾದ್ಯ. ವಾದಕನು ಕುರ್ಚಿಯ ಮೇಲೆ ಕುಳಿತು, ವಾದ್ಯವನ್ನು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು, ಅದರ ನಾಲ್ಕು ತಂತಿಗಳ ಮೇಲೆ ಕಮಾನನ್ನು ಆಡಿಸುತ್ತಾನೆ. ಅದರ ಧ್ವನಿ ಗಂಭೀರವಾದುದು, ಮನುಷ್ಯಕಂಠಕ್ಕೆ ಅತಿ ಸಮೀಪವಾದುದು. ಆದರೂ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ವಾದ್ಯವೃಂದದಲ್ಲಿ ಅದಕ್ಕಿದ್ದ ಗೌರವ ಏಕವಾದ್ಯವಾಗಿ ಅಷ್ಟಾಗಿ ಇರಲಿಲ್ಲ. ಆ ಗೌರವವನ್ನು ಗಳಿಸಿಕೊಟ್ಟವರಲ್ಲಿ ಅಗ್ರಗಣ್ಯರು ಸ್ಪೇನ್ ದೇಶದ ಕಟಲೋನಿಯಾ ಪ್ರಾಂತದ ಪಾಬ್ಲೊ ಕಸಾಲ್ಸ್. ಒಂದೂ ತಪ್ಪಿಲ್ಲದೆ ನುಡಿಸುವುದು ಹಿರಿದೋ, ಕೇಳುವವರ ಹೃದಯ ಕರಗುವಂತೆ ನುಡಿಸುವುದು ಹಿರಿದೋ ಎಂಬ ಹಳೆಯ ವಿವಾದಕ್ಕೆ ಇವರ ಜೀವನದಷ್ಟು ಬೆಳಕು ಚೆಲ್ಲುವ ಜೀವನಗಳು ವಿರಳ.

ಕಸಾಲ್ಸರು 1876ರ ಡಿಸೆಂಬರ್ 29ರಂದು ಎಲ್ ವೆಂದ್ರೆಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕಾರ್ಲೆಸ್ ಅಲ್ಲಿಯ ಇಗರ್ಜಿಯಲ್ಲಿ ಆರ್ಗನ್ ವಾದಕರು. ತಾಯಿ ಪಿಲಾರ್ ಹುಟ್ಟಿದ್ದು ಪೋರ್ಟೊರಿಕೊ ದ್ವೀಪದಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ, ಊರಿಗೆ ಬಂದಿದ್ದ ಸಂಗೀತಗಾರರ ತಂಡವೊಂದರಲ್ಲಿ ಬಾಲಕನು ಮೊದಲ ಬಾರಿಗೆ ನಿಜವಾದ ಚೆಲ್ಲೊವಿನ ನಾದವನ್ನು ಕೇಳಿದನು. ಅಂದಿನಿಂದ ಬೇರೆ ವಾದ್ಯ ಅವನಿಗೆ ರುಚಿಸಲಿಲ್ಲ. ಸಂಗೀತದಿಂದ ಹೊಟ್ಟೆ ತುಂಬದೆಂದು ಅನುಭವದಿಂದ ಬಲ್ಲ ತಂದೆ ಮಗನನ್ನು ಬಡಗಿಯ ಕೆಲಸಕ್ಕೆ ಹಚ್ಚಲು ಯೋಚಿಸಿದ್ದರು. ತಾಯಿ ಒಪ್ಪಲಿಲ್ಲ. 1888ರಲ್ಲಿ ಆಕೆಯೇ ಮಗನನ್ನು ಬಾರ್ಸಿಲೋನಾ ನಗರದ ಸಂಗೀತಶಾಲೆಗೆ ಕರೆತಂದು ಸೇರಿಸಿದಳು. ಆ ತಾಯಿಯ ಹಠವಿಲ್ಲದಿದ್ದರೆ ಜಗತ್ತಿಗೆ ಒಬ್ಬ ಒಳ್ಳೆಯ ಬಡಗಿ ದೊರೆಯುತ್ತಿದ್ದನೇನೋ!

ಆ ಕಾಲದ ಚೆಲ್ಲೊ ಶಿಕ್ಷಣ ವಿಚಿತ್ರವಾಗಿತ್ತು. ಕಮಾನು ಹಿಡಿದ ಬಲಗೈಯ ಮೊಳಕೈ ಮೈಗೆ ಅಂಟಿಕೊಂಡೇ ಇರಬೇಕು. ಅದು ಅಲುಗದಂತೆ ಕಂಕುಳಲ್ಲಿ ಒಂದು ಪುಸ್ತಕವನ್ನು ಇರಿಸಿಕೊಂಡು ಅಭ್ಯಾಸ ಮಾಡಬೇಕು. ಎಡಗೈಯ ಬೆರಳುಗಳು ಒಂದಕ್ಕೊಂದು ಬಿಗಿದಂತೆಯೇ ಇದ್ದು, ದೂರದ ಸ್ವರ ಬೇಕಾದಾಗ ಇಡೀ ಕೈ ತಂತಿಯ ಮೇಲೆ ಜಾರಬೇಕು. ಹೀಗೆ ಜಾರಿದಾಗಲೆಲ್ಲ ಬಯಸದ ಎಳೆತವೊಂದು ಕೇಳಿಬರುತ್ತಿತ್ತು. ಹದಿಹರೆಯಕ್ಕೆ ಕಾಲಿಡುತ್ತಿದ್ದ ವಿದ್ಯಾರ್ಥಿ ಕಸಾಲ್ಸ್ ಈ ಕಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದನು. ಬಲತೋಳನ್ನು ಸ್ವತಂತ್ರಗೊಳಿಸಿದನು. ಎಡಗೈಯ ಬೆರಳುಗಳನ್ನು ಅಗಲಿಸಿ ಚಾಚಿ, ಕೈ ಜಾರಿಸದೆಯೇ ಸ್ವರವನ್ನು ಮುಟ್ಟುವ ದಾರಿ ಕಂಡುಕೊಂಡನು. ಇಲ್ಲಿ ಗಮನಿಸಬೇಕಾದುದೊಂದಿದೆ. ಈ ಸುಧಾರಣೆಗಳೆಲ್ಲ ತಾಂತ್ರಿಕವಾದವುಗಳೇ. ಆದರೆ ರಾಗದ ನಡೆ ಎಲ್ಲಿಯೂ ತುಂಡಾಗದೆ ಹಾಡಿದಂತೆ ಹರಿಯಲಿ ಎಂಬ ಭಾವದ ಒತ್ತಾಯದಿಂದಲೇ ಅವು ಹುಟ್ಟಿದವು.

ಸಂಜೆಯ ಹೊತ್ತು ಈ ಹುಡುಗ ಬಾರ್ಸಿಲೋನಾದ ಕಾಫಿಗೃಹವೊಂದರಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದನು. ಅಲ್ಲಿ ನುಡಿಸಲು ಹೊಸ ಕೃತಿಗಳನ್ನು ಅರಸುತ್ತ, 1890ರಲ್ಲಿ ಒಂದು ದಿನ ತಂದೆಯೊಡನೆ ಹಳೆಯ ಸಂಗೀತಪತ್ರಗಳ ಅಂಗಡಿಗೆ ಹೋದಾಗ ಜರ್ಮನಿಯ ಜೊಹಾನ್ ಸೆಬಾಸ್ಟಿಯನ್ ಬಾಖ್ ರಚಿಸಿದ ಆರು ಏಕವಾದ್ಯ ಸ್ವರಮಾಲಿಕೆಗಳು ಕೈಗೆ ಸಿಕ್ಕಿದವು. ಸುಮಾರು 1720ರ ವೇಳೆಗೆ ರಚಿತವಾದ ಇವು ಪೂರ್ತಿ ಮರೆತುಹೋಗಿರಲಿಲ್ಲ. ಆದರೆ ಬೆರಳು ಪಳಗಿಸುವ ಪಾಠಗಳೆಂದೇ ಬಹುಮಂದಿ ಅವನ್ನು ಭಾವಿಸಿದ್ದರು; ಸಭೆಯಲ್ಲಿ ನುಡಿಸಿದರೂ ಅಲ್ಲೊಂದು ಇಲ್ಲೊಂದು ಭಾಗ ಮಾತ್ರ. ಕಸಾಲ್ಸರು ಅವುಗಳನ್ನು ದಿನವೂ ಅಭ್ಯಾಸ ಮಾಡಿದರು. ಒಂದು ಮಾಲಿಕೆಯನ್ನು ಸಭೆಯ ಮುಂದೆ ಪೂರ್ಣವಾಗಿ ನುಡಿಸುವ ಧೈರ್ಯ ತಮಗೆ ಬರಲು ಹನ್ನೆರಡು ವರ್ಷಗಳೇ ಹಿಡಿದವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಆ ಹನ್ನೆರಡು ವರ್ಷ ಅವರು ಕಾದದ್ದು ಬೆರಳಿಗಾಗಿ ಅಲ್ಲ ಎಂದೇ ನಮ್ಮ ಭಾವನೆ.

ಮ್ಯಾಡ್ರಿಡ್‌ನ ರಾಜಮಾತೆ ಮರಿಯಾ ಕ್ರಿಸ್ಟಿನಾ ಅವರ ವೇತನ ಪಡೆದು 1895ರಲ್ಲಿ ಬ್ರಸೆಲ್ಸ್ ನಗರದ ಸಂಗೀತ ವಿದ್ಯಾಲಯಕ್ಕೆ ಹೋದರು. ಅಲ್ಲಿಯ ಪ್ರಾಧ್ಯಾಪಕರು ಈ ಸಾಧಾರಣ ಉಡುಪಿನ ತರುಣನನ್ನು ತರಗತಿಯೆದುರು ಹಾಸ್ಯಮಾಡಿದರು. ಕಸಾಲ್ಸರು ಚಮತ್ಕಾರಗಳಿಂದ ತುಂಬಿದ ಕಠಿಣ ಕೃತಿಯೊಂದನ್ನು ನುಡಿಸಿ ಎಲ್ಲರನ್ನೂ ಮೂಕರನ್ನಾಗಿಸಿದರು. ಪ್ರಾಧ್ಯಾಪಕರು ಒಡನೆಯೇ ಬಹುಮಾನದ ಆಶ್ವಾಸನೆ ನೀಡಿದರೂ ಅವರು ನಿಲ್ಲದೆ ಮರುದಿನವೇ ಪ್ಯಾರಿಸ್‌ಗೆ ಹೊರಟರು. ರಾಜವೇತನ ನಿಂತಿತು. ಕಡುಬಡತನದ ಆ ದಿನಗಳಲ್ಲಿ ತಾಯಿ ತನ್ನ ತಲೆಗೂದಲನ್ನೂ ಮಾರಬೇಕಾಯಿತು. ಕೀರ್ತಿ ಕೈಹಿಡಿದದ್ದು 1899ರಲ್ಲಿ. ಆ ವರ್ಷ ಲಂಡನ್ನಿನಲ್ಲಿಯೂ ವಿಕ್ಟೋರಿಯಾ ರಾಣಿಯ ಸನ್ನಿಧಿಯಲ್ಲಿಯೂ ಪ್ಯಾರಿಸ್ಸಿನಲ್ಲಿ ಲಾಮುರೊ ವಾದ್ಯವೃಂದದೊಡನೆಯೂ ನುಡಿಸಿದ ಮೇಲೆ ಯುರೋಪಿನ ಬಾಗಿಲುಗಳು ತೆರೆದವು.

1901ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ತಮಲ್ಪಾಯಿಸ್ ಬೆಟ್ಟವನ್ನು ಇಳಿಯುವಾಗ ಬಂಡೆಯೊಂದು ಉರುಳಿ ಅವರ ಎಡಗೈಯನ್ನು ಜಜ್ಜಿತು. ಇನ್ನು ಚೆಲ್ಲೊ ನುಡಿಸಬೇಕಾಗಿಲ್ಲವೆಂಬ ನೆಮ್ಮದಿಯೇ ಆ ಕ್ಷಣ ಮನಸ್ಸಿಗೆ ಬಂದುದೆಂದು ಅವರು ಒಪ್ಪಿಕೊಂಡಿದ್ದಾರೆ. ಪರಿಪೂರ್ಣತೆಯನ್ನು ಬೆನ್ನಟ್ಟುವವನ ಹೆಗಲ ಮೇಲಿನ ಹೊರೆ ಎಂತಹುದೆಂಬುದು ಇದರಿಂದ ತಿಳಿಯುತ್ತದೆ. ಕೈ ಗುಣವಾಯಿತು, ಹೊರೆಯೂ ಮರಳಿ ಬಂತು. ಸಭೆಯೇರುವ ಮುನ್ನ ನಡುಗುವ ಸ್ವಭಾವ ಜೀವನಪರ್ಯಂತ ಅವರನ್ನು ಬಿಡಲಿಲ್ಲ.

ಸ್ವರಶುದ್ಧಿಯ ವಿಷಯದಲ್ಲಿ ಅವರ ನಿಲುವು ವಿಶಿಷ್ಟವಾದುದು. ವೀಣೆಗಿರುವಂತೆ ಚೆಲ್ಲೊವಿಗೆ ಮೆಟ್ಟುಗಳಿಲ್ಲ. ಸ್ವರಸ್ಥಾನವನ್ನು ಬೆರಳೇ ಹುಡುಕಬೇಕು. ಪಿಯಾನೊ ವಾದ್ಯದ ಸಮಪ್ರಮಾಣದ ಸ್ವರಗಳನ್ನೇ ಅಳತೆಗೋಲಾಗಿ ಹಿಡಿಯುವುದು ತಪ್ಪೆಂದು ಅವರು ಬೋಧಿಸಿದರು. ಮೇಲಿನ ಷಡ್ಜದತ್ತ ತುಡಿಯುವ ನಿಷಾದ ತುಸು ಏರಿ ಅದಕ್ಕೆ ಹತ್ತಿರವಾಗಿಯೇ ನಿಲ್ಲಬೇಕು. ಇಳಿಯಬೇಕಾದ ಸ್ವರ ತುಸು ತಗ್ಗಬೇಕು. ಯಂತ್ರದಿಂದ ಅಳೆದರೆ ಇದು ಅಪಸ್ವರ, ಕಿವಿಯಿಂದ ಕೇಳಿದರೆ ಸುಸ್ವರ. ಗಮಕಗಳಲ್ಲಿ ಬೆಳೆದ ನಮ್ಮ ಶ್ರೋತೃಗಳಿಗೆ ಇದನ್ನು ವಿವರಿಸುವ ಅಗತ್ಯ ಅಷ್ಟಾಗಿ ಇರಲಾರದು.

ರಷ್ಯನ್ ಮೂಲದ ಖ್ಯಾತ ವಾದಕ ಗ್ರೆಗೊರ್ ಪ್ಯಾಟಿಗೊರ್ಸ್ಕಿ ತಮ್ಮ ಆತ್ಮಕಥೆಯಲ್ಲಿ ಬರೆದಿರುವ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಅವರು ತರುಣರಾಗಿದ್ದಾಗ ಬರ್ಲಿನ್ ನಗರದ ಮನೆಯೊಂದರಲ್ಲಿ ಕಸಾಲ್ಸರ ಮುಂದೆ ನುಡಿಸಬೇಕಾಗಿ ಬಂತು. ಪಿಯಾನೊವಿಗೆ ರುಡಾಲ್ಫ್ ಸರ್ಕಿನ್. ಅಳುಕಿನಿಂದ ಬೀಥೋವನ್ ಕೃತಿ ಹಾಳಾಯಿತು, ಶೂಮನ್ ಕೃತಿಯೂ ಕೆಟ್ಟಿತು. ಆದರೆ ಕಸಾಲ್ಸರು ಮೆಚ್ಚಿ ಆಲಿಂಗಿಸಿದರು. ಇದು ಬರಿಯ ಉಪಚಾರವೆಂದು ಪ್ಯಾಟಿಗೊರ್ಸ್ಕಿ ನೊಂದರು. ಕೆಲವು ವರ್ಷಗಳ ನಂತರ ಸಲಿಗೆ ಬೆಳೆದಾಗ ಆ ನೋವನ್ನು ತೋಡಿಕೊಂಡರು. ಕಸಾಲ್ಸರು ಸಿಟ್ಟಿಗೆದ್ದು ಚೆಲ್ಲೊವನ್ನು ಎತ್ತಿಕೊಂಡು, ಅಂದು ಆ ತರುಣ ಬೀಥೋವನ್ ಕೃತಿಯ ಒಂದೆಡೆ ಬಳಸಿದ್ದ ಹೊಸ ಬೆರಳಿಕೆಯನ್ನೂ ಮತ್ತೊಂದೆಡೆ ಕಮಾನನ್ನು ಮೇಲ್ಮುಖವಾಗಿ ಎಳೆದಿದ್ದ ರೀತಿಯನ್ನೂ ಯಥಾವತ್ತಾಗಿ ನುಡಿಸಿ ತೋರಿಸಿದರು. ತಪ್ಪುಗಳನ್ನು ಮಾತ್ರ ಎಣಿಸಿ ಅಳೆಯುವ ಕೆಲಸ ತಿಳಿಯದವರಿಗಿರಲಿ, ಒಂದೇ ಒಂದು ಒಳ್ಳೆಯ ಸ್ವರಕ್ಕೂ ತಾವು ಕೃತಜ್ಞರು ಎಂಬುದು ಅವರ ಮಾತಿನ ತಾತ್ಪರ್ಯ. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕ ಬಂಧುಗಳು ಈ ಪ್ರಸಂಗವನ್ನು ಎರಡು ಬಾರಿ ಓದಿದರೂ ನಷ್ಟವಿಲ್ಲ.

1936ರಿಂದ 1939ರವರೆಗೆ ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಅವರು ಬಾಖನ ಆರೂ ಮಾಲಿಕೆಗಳನ್ನು ಧ್ವನಿಮುದ್ರಿಸಿದರು. ಅಂದಿನ ತಟ್ಟೆಗಳಲ್ಲಿ ತಪ್ಪನ್ನು ಕತ್ತರಿಸಿ ಜೋಡಿಸುವ ಸೌಲಭ್ಯವಿರಲಿಲ್ಲ. ಆದುದರಿಂದ ಕಮಾನಿನ ಕರಕರ, ಅಲ್ಲಲ್ಲಿ ಒರಟಾದ ಸ್ವರ ಇವೆಲ್ಲ ಇಂದಿಗೂ ಕೇಳುತ್ತವೆ. ಮುಂದೆ ಹಂಗರಿಯ ಯಾನೋಶ್ ಸ್ಟಾರ್ಕರ್ ಇದೇ ಮಾಲಿಕೆಗಳನ್ನು ಸ್ಫಟಿಕದಂತಹ ನಿಖರತೆಯಿಂದ ನುಡಿಸಿದರು. ನೆದರ್ಲೆಂಡ್ಸಿನ ಆನರ್ ಬಿಲ್ಸ್ಮಾ ಬಾಖನ ಪತ್ನಿ ಅನ್ನಾ ಮ್ಯಾಗ್ಡಲೀನಾ ಮಾಡಿದ ಪ್ರತಿಯನ್ನು ಆಧರಿಸಿ ಹಳೆಯ ಕಾಲದ ಲಘು ಶೈಲಿಯನ್ನು ಅನುಸರಿಸಿದರು. ಕಸಾಲ್ಸರದು ಅತಿಭಾವುಕವೆಂದು ಆಕ್ಷೇಪಿಸುವವರಿಗೂ ಆಧಾರವಿಲ್ಲದಿಲ್ಲ. ಆದರೆ ಬಾಖನ ಸ್ವಹಸ್ತದ ಪ್ರತಿ ಉಳಿದಿಲ್ಲ. ಉಳಿದ ಪ್ರತಿಗಳಲ್ಲಿ ನಾದದ ಏರಿಳಿತದ ಸೂಚನೆಗಳು ಬಲು ಕಡಿಮೆ. ಬರೆದಂತೆಯೇ ನುಡಿಸುತ್ತೇನೆ ಎನ್ನುವವನೂ ಬರೆಯದ ಎಷ್ಟನ್ನೋ ತಾನೇ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರವನ್ನು ಅಂಜದೆ ಕೈಗೊಂಡ ಹಿರಿಮೆ ಕಸಾಲ್ಸರದು.

ಆ ಮುದ್ರಣಗಳ ಕಾಲದಲ್ಲಿಯೇ ಸ್ಪೇನ್ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. 1920ರಲ್ಲಿ ಸ್ವಂತ ಹಣ ಸುರಿದು ಬಾರ್ಸಿಲೋನಾದಲ್ಲಿ ಅವರು ಕಟ್ಟಿದ ವಾದ್ಯವೃಂದ ಚದುರಿಹೋಯಿತು. 1939ರಲ್ಲಿ ಫ್ರಾಂಕೊ ಗೆದ್ದ ಮೇಲೆ ಕಸಾಲ್ಸರು ಪಿರನೀಸ್ ಪರ್ವತದ ಆಚೆ ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ನೆಲೆಸಿ, ನಿರಾಶ್ರಿತರ ಶಿಬಿರಗಳಿಗೆ ಅನ್ನ, ಬಟ್ಟೆ, ಹಣ ಒದಗಿಸುವುದರಲ್ಲಿ ತೊಡಗಿದರು. ಮಹಾಯುದ್ಧ ಮುಗಿದ ಮೇಲೂ ಮಿತ್ರರಾಷ್ಟ್ರಗಳು ಫ್ರಾಂಕೊನನ್ನು ಕದಲಿಸದಿರಲು, 1945ರ ಕೊನೆಗೆ ಸಾರ್ವಜನಿಕ ಕಚೇರಿಗಳನ್ನೇ ನಿಲ್ಲಿಸಿಬಿಟ್ಟರು. ಅರವತ್ತೊಂಬತ್ತರ ವಾದಕನಿಗೆ ಕಳೆದ ವರ್ಷಗಳು ಮರಳಿ ಬರುವುದಿಲ್ಲ. ಬೆರಳ ಚುರುಕು ಕಾಯುತ್ತ ಕೂರುವುದಿಲ್ಲ. ಇದನ್ನು ಬಲ್ಲವರಾಗಿಯೇ ಅವರು ಮೌನವನ್ನು ಆರಿಸಿಕೊಂಡರು.

ಬಾಖ್ ಕಾಲವಾದ ಇನ್ನೂರನೆಯ ವರ್ಷವಾದ 1950ರಲ್ಲಿ, ಪಿಟೀಲುವಾದಕ ಅಲೆಕ್ಸಾಂಡರ್ ಶ್ನೈಡರ್ ಅವರ ಒತ್ತಾಯಕ್ಕೆ ಮಣಿದು, ಪ್ರಾದ್ ಊರಿನಲ್ಲಿಯೇ ಉತ್ಸವ ನಡೆಸಲು ಒಪ್ಪಿದರು. ಲೋಕ ಅವರಲ್ಲಿಗೆ ಬಂತು. ಮುಂದೆ ತಾಯಿಯ ಹುಟ್ಟೂರಿನ ದ್ವೀಪವಾದ ಪೋರ್ಟೊರಿಕೊದಲ್ಲಿ ನೆಲೆಸಿದರು. 1958ರಲ್ಲಿ ವಿಶ್ವಸಂಸ್ಥೆಯಲ್ಲಿಯೂ 1961ರಲ್ಲಿ ಅಧ್ಯಕ್ಷ ಕೆನಡಿಯವರ ಶ್ವೇತಭವನದಲ್ಲಿಯೂ ನುಡಿಸಿದರು. ಆ ಇಳಿವಯಸ್ಸಿನ ವಾದನದಲ್ಲಿ ಕೈ ಮೊದಲಿನಂತಿಲ್ಲ. ನಡುವೆ ಉಸಿರಿನ ನರಳಾಟವೂ ಕೇಳಿಬರುತ್ತದೆ. ಕೊನೆಗೆ ಬಹುತೇಕ ನುಡಿಸುತ್ತಿದ್ದುದು ಹಕ್ಕಿಗಳ ಹಾಡೆಂಬ ಕಟಲೋನಿಯಾದ ಪುಟ್ಟ ಜಾನಪದ ಮಟ್ಟು. ಅದರಲ್ಲಿ ಬೆರಳಿಗೆ ಕಠಿಣವಾದುದೇನೂ ಇಲ್ಲ.

1973ರ ಅಕ್ಟೋಬರ್ 22ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಕಸಾಲ್ಸರು ಪೋರ್ಟೊರಿಕೊದಲ್ಲಿ ಕಣ್ಮುಚ್ಚಿದರು. ಫ್ರಾಂಕೊ ತೀರಿಕೊಂಡದ್ದು ಎರಡು ವರ್ಷಗಳ ಅನಂತರ. 1979ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಎಲ್ ವೆಂದ್ರೆಲ್‌ಗೆ ತಂದು ಅಲ್ಲಿಯ ಸ್ಮಶಾನದಲ್ಲಿ ಭೂಮಿಗೊಪ್ಪಿಸಲಾಯಿತು.